ಹಳೆ ಪದ್ಮಿನಿಗೆ ಕೈ ಹಾಕುವವರಿಗೆ: ಮೊದಲು ಬ್ರೇಕು, ಬಣ್ಣ ಕೊನೆಗೆ

ಹಳೆ ಪ್ರೀಮಿಯರ್ ಪದ್ಮಿನಿ ಮನೆಗೆ ತಂದವರಲ್ಲಿ ಬಹಳಷ್ಟು ಜನ ಮೊದಲು ಓಡುವುದು ಪೇಂಟರ್ ಹತ್ತಿರ. ಫಳಫಳ ಬಣ್ಣ, ಹೊಸ ಸೀಟ್ ಕವರ್, ಅಲಾಯ್ ವೀಲ್ ಎಲ್ಲ ಆಗುತ್ತದೆ. ಆಮೇಲೆ ಮೊದಲ ಇಳಿಜಾರಿನಲ್ಲೇ ಬ್ರೇಕ್ ಪೆಡಲ್ ನೆಲಕ್ಕೆ ಹೋಗುತ್ತದೆ. ಸರಿ ಅಂತ ಬ್ರೇಕ್ ಬಿಚ್ಚಿದರೆ ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದು, ಹೊಸ ಪೇಂಟ್ ಗುಳ್ಳೆ ಎದ್ದು ಕಿತ್ತು ಬರುತ್ತದೆ. ದುಡ್ಡೂ ಹೋಯಿತು, ಗಾಡಿಯೂ ನಿಂತಿತು.

ಅದಕ್ಕೇ ಇಲ್ಲಿನ ಕ್ರಮ ಬೇರೆ. ಮೊದಲು ಕಾಗದಪತ್ರ, ಆಮೇಲೆ ತುಕ್ಕು, ಬ್ರೇಕು, ಕೂಲಿಂಗು, ಅದಾದ ಮೇಲೆ ಎಂಜಿನ್ನು. ಬಣ್ಣ ಮತ್ತು ಮಾಡಿಫಿಕೇಶನ್ ಕೊನೆಗೆ. ಇನ್ನೊಂದು ಷರತ್ತಿದೆ: ನೀವು ಹಾಕಿದ್ದನ್ನು ನಾಳೆ ಬಿಚ್ಚಿದರೆ ಗಾಡಿ ಮೊದಲಿದ್ದ ಹಾಗೆ ಆಗಬೇಕು. ಬಾಡಿ ಕೊಯ್ಯುವ ಕೆಲಸ ಬೇಡ. ಇದು ಹಳೆ ಗಾಡಿ ಮೇಲಿನ ಭಕ್ತಿಯ ಮಾತಲ್ಲ, ಇದರಲ್ಲಿ ಕಾನೂನೂ ಇದೆ, ದುಡ್ಡೂ ಇದೆ.

ಗಾಡಿಯ ಪರಿಚಯ ಚಿಕ್ಕದಾಗಿ ಹೇಳುತ್ತೇನೆ. ಇಟಲಿಯ ಫಿಯೆಟ್ 1100ಡಿ ಮಾದರಿಯನ್ನು ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈನ ಕುರ್ಲಾದಲ್ಲಿ 1964ರಿಂದ ತಯಾರಿಸಿದರು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್, ನಾಲ್ಕು ಫಾರ್ವರ್ಡ್ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಿಂದುಗಡೆ ಪಟ್ಟಿ ಸ್ಪ್ರಿಂಗ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಹೆಚ್ಚಿನವು ಕೈಗೂ ಸಿಗುತ್ತವೆ. ಮನೆಯಲ್ಲೇ ರಿಪೇರಿ ಕಲಿಯಲು ಇದಕ್ಕಿಂತ ಒಳ್ಳೆ ಕಾರು ನಮ್ಮಲ್ಲಿ ಸಿಗುವುದು ಕಷ್ಟ. ಇನ್ನೊಂದು ಅನುಕೂಲವೂ ಇದೆ. ಅಂಬಾಸಿಡರ್‌ಗೆ ಇಂಚಿನ ಸ್ಪ್ಯಾನರ್ ಬೇಕು, ಇದಕ್ಕೆ ಮಾಮೂಲಿ ಮಿಲಿಮೀಟರ್ ಸ್ಪ್ಯಾನರ್ ಸಾಕು.

ಮೊದಲು ಆರ್‌ಸಿ ತೆಗೆದು ನೋಡಿ

ಗಾಡಿ ಚೆನ್ನಾಗಿದೆಯಾ ಅನ್ನುವುದಕ್ಕಿಂತ ಮೊದಲು ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗುತ್ತಾ ನೋಡಿ. ಕೆಎ ಬರುವುದಕ್ಕಿಂತ ಮುಂಚಿನ ಗಾಡಿಗಳು, ಅಂದರೆ ಎಂವೈ, ಎಂಇ, ಸಿಎ ಅಂತ ಶುರುವಾಗುವ ನಂಬರಿನವು, ಎಷ್ಟೋ ಕೈ ಬದಲಾಗಿರುತ್ತವೆ. ನಡುವೆ ಯಾರೋ ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸದೇ ಬಿಟ್ಟಿರುತ್ತಾರೆ. ತಂತಿ ಬ್ರಷ್‌ನಿಂದ ಎಂಜಿನ್ ಬ್ಲಾಕ್ ಮೇಲಿನ ನಂಬರ್ ಉಜ್ಜಿ, ಸೀಮೆಸುಣ್ಣ ಬಳಿದು ಓದಿ. ಅದು ತಾಳೆ ಆಗದಿದ್ದರೆ ಮಾರುವವರೇ ಆರ್‌ಟಿಒದಲ್ಲಿ ಸರಿ ಮಾಡಿಸಿಕೊಡಲಿ, ಆಮೇಲೆ ದುಡ್ಡು ಕೊಡಿ. "ಆಮೇಲೆ ಮಾಡಿಸಿಕೊಳ್ಳಬಹುದು ಸಾರ್" ಅನ್ನುವ ಮಾತಿಗೆ ಮರುಳಾಗಬೇಡಿ. ಒಂದು ಸಲ ನಿಮ್ಮ ಹೆಸರಿಗೆ ಬಂದರೆ ಆ ತಲೆನೋವು ನಿಮ್ಮದೇ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ಫಾರಂ 28, ಅಂದರೆ ಎನ್‌ಒಸಿ. 15 ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ರಿಜಿಸ್ಟ್ರೇಶನ್ ನವೀಕರಿಸಬೇಕು, ಅದು ಐದೈದು ವರ್ಷಕ್ಕೆ ಬರುತ್ತದೆ. ಫೀಸು, ಗ್ರೀನ್ ಟ್ಯಾಕ್ಸ್ ಆಗಾಗ ಬದಲಾಗುತ್ತಿರುತ್ತದೆ. ಹೋಗುವ ದಿನವೇ ಆನ್‌ಲೈನ್‌ನಲ್ಲಿ ನೋಡಿಕೊಂಡು ಹೋಗಿ.

ಮುಂಬೈಯಿಂದ ಬರುವ ಪದ್ಮಿನಿ ಬಗ್ಗೆ ಸ್ವಲ್ಪ ಹುಷಾರು. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್‌ನಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಕಪ್ಪು-ಹಳದಿ ಪದ್ಮಿನಿಗಳ ಕಾಲ ಮುಗಿಯಿತು. ಟ್ಯಾಕ್ಸಿ ಗಾಡಿಯ ಬಿಡಿಭಾಗ ಸಿಕ್ಕರೆ ತಗೊಳ್ಳಿ, ತಪ್ಪಿಲ್ಲ. ಆದರೆ ಸಮುದ್ರದ ಗಾಳಿಗೆ, ಮಳೆಗೆ ಸಿಕ್ಕ ಬಾಡಿಯ ಅಡಿಭಾಗ ನೋಡದೇ ಪೂರ್ತಿ ಗಾಡಿ ತಗೊಳ್ಳಬೇಡಿ. ನಮ್ಮ ಮಂಗಳೂರು, ಕಾರವಾರದ ಗಾಡಿಗಳಿಗೂ ಇದೇ ಮಾತು. ಚಿತ್ರದುರ್ಗ, ಬಳ್ಳಾರಿ ಕಡೆ ಒಣ ಹವೆಯಲ್ಲಿದ್ದ ಗಾಡಿ, ಬಣ್ಣ ಪೂರ್ತಿ ಸುಟ್ಟುಹೋಗಿದ್ದರೂ, ಒಳಗೆ ತಗಡು ಗಟ್ಟಿ ಇರುವ ಸಾಧ್ಯತೆ ಜಾಸ್ತಿ.

ತುಕ್ಕು ಹುಡುಕುವುದು

ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಮೆಕ್ಯಾನಿಕ್‌ಗಳು ರನ್ನಿಂಗ್ ಬೋರ್ಡ್ ಅನ್ನುತ್ತಾರೆ, ಗಾಡಿಯ ಭಾರ ಹೊರುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಅದು ಕೊಳೆತರೆ ಗಾಡಿ ನಡುವೆ ಬಗ್ಗುತ್ತದೆ. ಪತ್ತೆ ಹಚ್ಚುವುದು ಸುಲಭ. ಹಿಂದಿನ ಬಾಗಿಲು ತೆರೆದು ಮುಚ್ಚಿ ನೋಡಿ, ಆಮೇಲೆ ಅದೇ ಕಡೆ ಜಾಕ್ ಕೊಟ್ಟು ಎತ್ತಿ ಇನ್ನೊಂದು ಸಲ ಮುಚ್ಚಿ. ಜಾಕ್ ಮೇಲಿದ್ದಾಗ ಬಾಗಿಲು ಸಿಕ್ಕಿಕೊಂಡರೆ ಬಾಡಿ ಸೋತಿದೆ ಅಂತ ಅರ್ಥ.

ಒಂದು ಚಿಕ್ಕ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸಿ. ಅಂಟದ ಕಡೆ ಒಳಗೆ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಜಾಗ, ಮುಂದಿನ ಸೀಟಿನ ಕೆಳಗಿನ ನೆಲ, ಇವನ್ನು ಬಿಡದೇ ನೋಡಿ. ಕಾರ್ಪೆಟ್ ಎತ್ತದೆ ನೆಲ ನೋಡಿದೆ ಅನ್ನಬೇಡಿ. ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಪುಸಕ್ ಅನ್ನುತ್ತದೆ. ಕಿವಿಗೆ ತಾನೇ ಗೊತ್ತಾಗುತ್ತದೆ.

ಟಿಂಕರಿಂಗ್, ಅಂದರೆ ತಗಡಿನ ರಿಪೇರಿ ಮಾಡಿಸುವಾಗ ಎರಡು ಮಾತು ಮೊದಲೇ ಆಗಿರಲಿ. ಒಂದು, ಕೊಳೆತ ತಗಡಿನ ಮೇಲೆ ಹೊಸ ತಗಡು ಹೊದಿಸುವುದು ಬೇಡ. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ತಗಡು ಸಿಗುವವರೆಗೆ ಹೋಗಿ, ಅಲ್ಲಿಂದ ಹೊಸ ತುಂಡು ವೆಲ್ಡ್ ಮಾಡಲಿ. ಎರಡು, ರನ್ನಿಂಗ್ ಬೋರ್ಡ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಮಾಡಿ ಬಿಗಿಯಬೇಕು, ಗಾಡಿ ಸಮತಟ್ಟಾಗಿ ಕೂತಿರಬೇಕು, ಒಂದು ಕಡೆ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಮುಟ್ಟಬಾರದು. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಬಾಗಿಲು ಕೂರುವುದಿಲ್ಲ, ಅದನ್ನು ಸರಿ ಮಾಡಲು ಆಗ ದಾರಿಯೂ ಇರುವುದಿಲ್ಲ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕನೆಕ್ಷನ್ ತೆಗೆಸಿ, ಹತ್ತಿರ ಪೆಟ್ರೋಲ್ ಟ್ಯಾಂಕ್ ಇದ್ದರೆ ಟ್ಯಾಂಕನ್ನೇ ಇಳಿಸಿ. ಖಾಲಿ ಟ್ಯಾಂಕ್ ಅಂತ ಸುಮ್ನೆ ಬಿಡುವಂತಿಲ್ಲ, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ.

ತುಕ್ಕಿನ ಮೇಲೆ ಕಪ್ಪು ಅಂಡರ್‌ಕೋಟಿಂಗ್ ಬಳಿಸುವುದು ನನಗೆ ಸಿಟ್ಟು ಬರಿಸುವ ಕೆಲಸ. ನೋಡಲು ಚೆಂದ, ಒಳಗೆ ನೀರು ಸಿಕ್ಕಿಕೊಂಡು ತುಕ್ಕು ಆರಾಮಾಗಿ ಬೆಳೆಯುತ್ತದೆ. ಮೊದಲು ಕೆರೆದು, ಪ್ರೈಮರ್ ಹೊಡೆದು, ಒಣಗಿದ ಮೇಲೆ ಕೋಟಿಂಗ್. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ.

ನಿಲ್ಲುವ ಗಾಡಿ ಮಾಡಿಕೊಳ್ಳಿ

ಕೆಳಗೆ ನುಗ್ಗುವ ಮುಂಚೆ ಜಾಕ್ ಸ್ಟ್ಯಾಂಡ್ ಕೊಳ್ಳಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬಾರದು, ಇಟ್ಟಿಗೆ ಜೋಡಿಸಿ ಅಂತೂ ಹೋಗಲೇಬಾರದು. ಇಟ್ಟಿಗೆ ಮುನ್ಸೂಚನೆ ಕೊಡದೇ ಒಡೆಯುತ್ತದೆ.

ಹಳೆ ಪದ್ಮಿನಿಯ ಬ್ರೇಕ್ ಒಂದೇ ಸರ್ಕ್ಯೂಟ್. ಈಗಿನ ಕಾರಿನಲ್ಲಿ ಒಂದು ಲೈನ್ ಸೋರಿದರೆ ಇನ್ನೊಂದು ಕೆಲಸ ಮಾಡುತ್ತದೆ, ಇದರಲ್ಲಿ ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಹಾಗಾಗಿ "ಹಿಡಿಯುತ್ತೆ ಬಿಡಿ" ಅನ್ನುವ ಮಟ್ಟಕ್ಕೆ ಸಮಾಧಾನ ಪಡಬೇಡಿ.

ಡ್ರಮ್ ತೆಗೆದ ತಕ್ಷಣ ವೀಲ್ ಸಿಲಿಂಡರಿನ (ಪ್ರತಿ ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ಚಿಕ್ಕ ಸಿಲಿಂಡರ್) ತುದಿಯಲ್ಲಿರುವ ರಬ್ಬರ್ ಟೋಪಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಸರಿ. ತೇವ ಇದ್ದರೆ ಒಳಗಿನ ವಾಷರ್ ಸೋತಿದೆ, ಇವತ್ತಲ್ಲ ನಾಳೆ ಸೋರುತ್ತದೆ. ಪಿಸ್ಟನ್ ಹೊರಗೆ ತಳ್ಳಿ ಸಿಲಿಂಡರ್ ಒಳಗೋಡೆಯನ್ನು ಟಾರ್ಚ್ ಹಾಕಿ ನೋಡಿ. ಕನ್ನಡಿ ಹಾಗೆ ನುಣ್ಣಗಿದ್ದರೆ ರಬ್ಬರ್ ಕಿಟ್ ಬದಲಾಯಿಸಿದರೆ ಸಾಕು. ಚುಕ್ಕಿ ಚುಕ್ಕಿ ತುಕ್ಕಿನ ಗುಳಿ ಕಂಡರೆ ಹೊಸ ಕಿಟ್ ಹಾಕಿದರೂ ಪ್ರಯೋಜನ ಇಲ್ಲ, ಗುಳಿಯ ಅಂಚು ಹೊಸ ರಬ್ಬರನ್ನು ಕೊರೆದುಹಾಕುತ್ತದೆ. ಆಗ ಬೇರೆ ಸಿಲಿಂಡರ್ ಹಾಕಿ, ಇಲ್ಲವೇ ಒಳ್ಳೆ ಲೇತ್‌ನವರ ಹತ್ತಿರ ಒಳಗೆ ಸ್ಲೀವ್, ಅಂದರೆ ಹೊಸ ತೆಳು ಕೊಳವೆ ಹಾಕಿಸಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೂ ಇದೇ ಪರೀಕ್ಷೆ. ರಬ್ಬರ್ ಹೋಸ್‌ಗಳನ್ನು ಮಾತ್ರ ಪರೀಕ್ಷೆ ಮಾಡುತ್ತಾ ಕೂರಬೇಡಿ, ವಯಸ್ಸು ಗೊತ್ತಿಲ್ಲದ ಹೋಸ್ ಅಂದರೆ ಬದಲಾಯಿಸಬೇಕಾದ ಹೋಸ್. ಹಳೆ ಹೋಸ್ ಒಳಗೇ ಊದಿಕೊಂಡು, ಬ್ರೇಕ್ ಒತ್ತಿದ ಮೇಲೆ ಬಿಡದೇ ಹಿಡಿದುಕೊಳ್ಳುವುದೂ ಉಂಟು.

ಬ್ರೇಕ್ ಲೈನಿನಲ್ಲಿ ಸಿಕ್ಕಿದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ (ಏರ್ ಬಿಡುವ ಸ್ಕ್ರೂ) ಸಡಿಲಿಸಿ ಗುಳ್ಳೆ ಬಿಟ್ಟು ಬಿಗಿ ಮಾಡಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ನಡುನಡುವೆ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದ ಹಾಗೆ ನೋಡಿ, ಖಾಲಿಯಾದರೆ ಮತ್ತೆ ಮೊದಲಿನಿಂದ.

ಚಕ್ರ ಎತ್ತಿದ್ದಾಗಲೇ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಿನ ಪಿನ್ ನೋಡಿಬಿಡಿ. ಮುಂದಿನ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಶಬ್ದ ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್ ಸವೆದಿದೆ. ಕಿಂಗ್ ಪಿನ್ ಹಾಳಾಗಲು ಮುಖ್ಯ ಕಾರಣ ಗ್ರೀಸ್ ಹಾಕದೇ ಇರುವುದು. ಈಗಿನ ಸರ್ವೀಸ್ ಸೆಂಟರ್ ಹುಡುಗರಿಗೆ ಗ್ರೀಸ್ ನಿಪ್ಪಲ್ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಒಂದು ಗ್ರೀಸ್ ಗನ್ ಮನೆಯಲ್ಲಿರಲಿ.

ಬಿಸಿ ಆಗುವ ಕಾಯಿಲೆ

"ಪದ್ಮಿನಿ ಅಂದ್ರೆ ಹೀಟ್ ಆಗೋದೇ" ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ನಂಬಬೇಡಿ. ಕೂಲಿಂಗ್ ಸರಿ ಇರುವ ಪದ್ಮಿನಿ ಏಪ್ರಿಲ್ ಬಿಸಿಲಲ್ಲೂ ಓಡುತ್ತದೆ. ಹೀಟ್ ಆಗುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ಬೋರ್‌ವೆಲ್ ನೀರು. ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದು, ಒಳಗೆ ಪಾತ್ರೆಯ ತಳದ ಹಾಗೆ ಬಿಳಿ ಪದರ ಕಟ್ಟಿರುತ್ತದೆ. ಎಂಜಿನ್ ಒಳಗಿನ ನೀರಿನ ದಾರಿಯಲ್ಲೂ ಅಷ್ಟೇ.

ರೇಡಿಯೇಟರ್ ಇಳಿಸಿ, ಮೇಲಿನ ಕೆಳಗಿನ ಟ್ಯಾಂಕ್ ಬಿಚ್ಚಿಸಿ, ಕೊಳವೆಗಳಿಗೆ ಸಲಾಕೆ ಹೊಡೆಸಬೇಕು. ಸುಮ್ನೆ ನೀರು ಬಿಟ್ಟು ತೊಳೆದರೆ ಆಗುವುದಿಲ್ಲ. ಬ್ಲಾಕಿನ ಪಕ್ಕದಲ್ಲಿರುವ ಕೋರ್ ಪ್ಲಗ್ (ನೀರಿನ ದಾರಿ ಮುಚ್ಚುವ ತಗಡಿನ ಬಿಲ್ಲೆ) ತೆಗೆಸಿ ಒಳಗಿನ ಕೆಸರು ಕೆರೆಸಿ, ಹೊಸ ಪ್ಲಗ್ ಹಾಕಿಸಿ. ಹೋಸ್, ರೇಡಿಯೇಟರ್ ಕ್ಯಾಪ್, ಫ್ಯಾನ್ ಬೆಲ್ಟ್ ಹೊಸದಿರಲಿ. ಇನ್ನು ಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ.

ಎಷ್ಟೋ ಗ್ಯಾರೇಜಿನಲ್ಲಿ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಕಿರುತ್ತಾರೆ, "ನಮ್ಮ ಸೆಖೆಗೆ ಅದು ಬೇಡ" ಅಂತ. ಬೇಕು. ಅದಿಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ತಗೊಳ್ಳುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಹಳೆ ಥರ್ಮೋಸ್ಟ್ಯಾಟ್ ಸರಿ ಇದೆಯಾ ನೋಡಲು ಅಡುಗೆಮನೆ ಸಾಕು. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಹೊತ್ತಿಗೂ ಬಾಯಿ ತೆರೆಯದಿದ್ದರೆ ಬದಲಾಯಿಸಿ.

ಪದ್ಮಿನಿಯ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಒಂದು ಸಲ ಚೆನ್ನಾಗಿ ಹೀಟ್ ಆದರೆ ಹೆಡ್ ಡೊಂಕಾಗುತ್ತದೆ, ಆಮೇಲೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಊದಿಕೊಂಡು ಹೋಗುತ್ತದೆ. ಹೆಡ್ ಇಳಿಸಿದ್ದರೆ ಉದ್ದ ಸ್ಟೀಲ್ ಪಟ್ಟಿಯನ್ನು ಅದರ ಮೇಲೆ ನೇರವಾಗಿ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಸಂದು ಇದ್ದರೆ ಫೇಸಿಂಗ್, ಅಂದರೆ ಮೆಷಿನಿನಲ್ಲಿ ಸಮತಟ್ಟು ಮಾಡಿಸಿ. ಮತ್ತೆ ಹಾಕುವಾಗ ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಗೆ ಹೋಗುತ್ತಾ, ಹಂತ ಹಂತವಾಗಿ, ಬಿಗಿ ಎಷ್ಟೆಂದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗ ಗಾಡಿ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯಾ? ಅದು ಬೇರೆ ಕಾಯಿಲೆ, ಪೈಪಿನಲ್ಲೇ ಪೆಟ್ರೋಲ್ ಆವಿಯಾಗುವುದು. ಹಳೆ ಡ್ರೈವರುಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ. ಬಟ್ಟೆ ಆ ಹೊತ್ತಿಗೆ ಸರಿ. ಶಾಶ್ವತವಾಗಿ ಆಗಬೇಕಾದರೆ ಪೈಪನ್ನು ಸೈಲೆನ್ಸರ್ ಕಡೆಯಿಂದ ದೂರ ಸರಿಸಿ, ನಡುವೆ ಒಂದು ತಗಡಿನ ಮರೆ ಕೊಡಿ.

ಎಂಜಿನ್: ಬಿಚ್ಚುವ ಮುಂಚೆ ಅಳೆಯಿರಿ

ಹೊಗೆ ಬಂತು ಅಂದ ಕೂಡಲೇ ರೀಬೋರ್ (ಸಿಲಿಂಡರ್ ಕೊರೆದು ಹೊಸ ಪಿಸ್ಟನ್ ಹಾಕುವುದು) ಅನ್ನುವ ಮೆಕ್ಯಾನಿಕ್ ಹತ್ತಿರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಇದೆಯಾ ಕೇಳಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದು ಒಂದೊಂದೇ ಸಿಲಿಂಡರ್ ಅಳೆಯಿರಿ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಎಂಜಿನ್ನನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಂದು ತೀರಾ ಕಡಿಮೆ ಬಂದರೆ ಆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಈಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಹೆಡ್ ಕೆಲಸ ಸಾಕು, ಪಿಸ್ಟನ್ ಮುಟ್ಟಬೇಕಾಗಿಲ್ಲ. ಈ ಒಂದು ಪರೀಕ್ಷೆಯಿಂದ ಎಷ್ಟೋ ಸಾವಿರ ಉಳಿಯುತ್ತದೆ.

ಮುಂದಿನದು ಇಗ್ನಿಷನ್, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ. ಕಿಡಿಯನ್ನು ನಾಲ್ಕೂ ಪ್ಲಗ್‌ಗೆ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ತೆರೆದು ಮುಚ್ಚುವ ಚಿಕ್ಕ ಸ್ವಿಚ್ಚೇ ಪಾಯಿಂಟ್. ಅದರ ಗ್ಯಾಪ್ 0.45 ಮಿ.ಮೀ ಆಸುಪಾಸು, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಸಿಗುವ ಕ್ರಮ) 1-3-4-2. ಟೈಮಿಂಗ್ ಇಡಲು ದೊಡ್ಡ ಯಂತ್ರ ಬೇಡ, ಒಂದು 12 ವೋಲ್ಟ್ ಬಲ್ಬು, ಎರಡು ವೈರು ಸಾಕು. ಮೊದಲ ಸಿಲಿಂಡರ್ ಕಂಪ್ರೆಶನ್‌ಗೆ ಬರುವ ಹಾಗೆ ಎಂಜಿನ್ ಕೈಯಲ್ಲಿ ತಿರುಗಿಸಿ ಟೈಮಿಂಗ್ ಗುರುತು ಕೂಡಿಸಿ. ಬಲ್ಬಿನ ಒಂದು ವೈರು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಲ್ಬು ಆರುತ್ತದೆ. ಈಗ ಉಲ್ಟಾ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಾ ಬನ್ನಿ. ಬಲ್ಬು ಹತ್ತಿದ ಆ ಕ್ಷಣದಲ್ಲಿ ಪಾಯಿಂಟ್ ತೆರೆದಿದೆ, ಅಲ್ಲೇ ಬಿಗಿ ಮಾಡಿ. ಮುಗಿದ ಮೇಲೆ ಕೀ ಆಫ್ ಮಾಡುವುದು ಮರೆಯಬೇಡಿ, ಕಾಯಿಲ್ ಸುಡುತ್ತದೆ.

ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲ್ ಗಾಳಿ ಬೆರೆಸುವ ಭಾಗ) ಬಿಚ್ಚಿದರೆ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ಒಳಗೆ ತಂತಿ ತೂರಿಸಬೇಡಿ, ಗಾಳಿ ಹೊಡೆದರೆ ಸಾಕು. ಮೈಲೇಜಿಗೆ ಅಂತ ಹಿಂದಿನವರು ಜೆಟ್‌ಗೆ ಬೆಸುಗೆ ಹಾಕಿ ತೂತು ಕಿರಿದು ಮಾಡಿಸಿರಬಹುದು. ಅಂಥದ್ದು ಕಂಡರೆ ತೆಗೆದು ಬೇರೆ ಹಾಕಿ, ಪೆಟ್ರೋಲ್ ಕಡಿಮೆಯಾದ ಮಿಶ್ರಣ ವಾಲ್ವನ್ನೇ ಸುಡುತ್ತದೆ. ಥ್ರಾಟಲ್ ಕಡ್ಡಿ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ, ಐಡಲ್ ಯಾವತ್ತೂ ನಿಲ್ಲುವುದಿಲ್ಲ, ಬುಷ್ ಹಾಕಿಸಬೇಕು.

ಈಗ ಪೆಟ್ರೋಲ್ ಬಗ್ಗೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್. ಪದ್ಮಿನಿ ಕಾಲದ ರಬ್ಬರ್ ಇದಕ್ಕಲ್ಲ. ಹೋಸ್ ಮೆತ್ತಗಾಗಿ ಬಿರಿಯುತ್ತದೆ, ಪಂಪಿನ ಡಯಾಫ್ರಮ್ ಗಟ್ಟಿಯಾಗಿ ಹರಿಯುತ್ತದೆ, ಟ್ಯಾಂಕಿನ ಹಳೆ ಕೊಳೆ ಕಿತ್ತು ಬಂದು ಜೆಟ್ ಕಟ್ಟಿಕೊಳ್ಳುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಅದರಿಂದ ಟ್ಯಾಂಕ್ ಒಳಗೇ ತುಕ್ಕು. ಮಾಡಬೇಕಾದದ್ದು: ಟ್ಯಾಂಕ್ ಇಳಿಸಿ ತೊಳೆಸಿ, ಎಥನಾಲ್ ತಡೆಯುವ ಹೋಸ್ ಕೇಳಿ ಹಾಕಿಸಿ, ಪಂಪ್ ಮತ್ತು ಕಾರ್ಬುರೇಟರ್ ಕಿಟ್ ಹೊಸದು ಹಾಕಿ, ಪಂಪಿನ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಕೊಡಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಬಾನೆಟ್ ಒಳಗೆ ಪೆಟ್ರೋಲ್ ವಾಸನೆ ಬಂದರೆ "ಹಳೆ ಗಾಡಿ ಅಲ್ವಾ" ಅಂತ ಬಿಡುವ ಹಾಗಿಲ್ಲ, ಬೆಂಕಿ ಹತ್ತುವುದು ಹೀಗೇ. ಚಿಕ್ಕ ಅಗ್ನಿಶಾಮಕ ಸೀಟಿನ ಕೈಗೆಟುಕುವ ಜಾಗದಲ್ಲಿರಲಿ, ಡಿಕ್ಕಿಯಲ್ಲಲ್ಲ.

ಗೇರ್ ಎರಡರ ನಡುವೆ ಸಿಕ್ಕಿಕೊಳ್ಳುತ್ತಿದ್ದರೆ ಗೇರ್ ಬಾಕ್ಸ್ ಇಳಿಸಲು ಒಪ್ಪಬೇಡಿ. ಸ್ಟೀರಿಂಗ್ ಕಂಬದಿಂದ ಗೇರ್ ಬಾಕ್ಸ್‌ವರೆಗೆ ಹೋಗುವ ಕಡ್ಡಿಗಳ ಬುಷ್ ಸವೆದಿರುವುದೇ ಹೆಚ್ಚು. ಕೆಲವು ಬುಷ್ ಬದಲಾಯಿಸಿ, ಕಡ್ಡಿಯ ಉದ್ದ ಹೊಂದಿಸಿದರೆ ಗೇರ್ ಬೆಣ್ಣೆಯಂತೆ ಬೀಳುತ್ತದೆ.

ಬಿಡಿಭಾಗ ಎಲ್ಲಿ

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಹಳೆ ಭಾಗಗಳಿಗೆ ಶಿವಾಜಿನಗರದ ಗುಜರಿ, ಟೂಲ್ಸ್‌ಗೆ ಎಸ್.ಜೆ.ಪಿ. ರಸ್ತೆ. ಹಳೆ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. "ಪದ್ಮಿನಿ ವೀಲ್ ಸಿಲಿಂಡರ್" ಅಂತ ಬಾಯಲ್ಲಿ ಕೇಳಿದರೆ ಕೊಡುವುದು ಒಂದು, ಹೊಂದುವುದು ಇನ್ನೊಂದು, ಯಾಕೆಂದರೆ ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ವ್ಯತ್ಯಾಸ ಇದೆ. ಬ್ರೇಕ್ ಮತ್ತು ಸ್ಟೀರಿಂಗ್ ಭಾಗ ಗುಜರಿಯಲ್ಲಿ ಬೇಡ. ಕ್ರೋಮ್ ಬಂಪರ್, ಗ್ರಿಲ್, ಬಾಗಿಲ ಹಿಡಿ, ಮೀಟರ್, ಇಂಥವಕ್ಕೆ ಗುಜರಿಯೇ ಒಳ್ಳೆಯದು, ಹಳೆ ಲೋಹ ಈಗಿನ ನಕಲಿಗಿಂತ ಗಟ್ಟಿ.

ಬಿಚ್ಚಿದ ಪ್ರತಿ ಭಾಗದ ಫೋಟೊ ತೆಗೆಯಿರಿ, ನಟ್ಟು ಬೋಲ್ಟನ್ನು ಜಿಪ್ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದ ಪ್ರಾಜೆಕ್ಟುಗಳು ಅಲ್ಲೇ ನಿಂತು ಗುಜರಿಗೆ ಹೋಗುತ್ತವೆ.

ಈಗ ಮಾಡಿಫಿಕೇಶನ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬೇರೆ ಎಂಜಿನ್ ಹಾಕಬೇಕಾದರೆ ಮೊದಲೇ ಆರ್‌ಟಿಒ ಅನುಮತಿ ಬೇಕು, ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು.

ಇನ್ನೊಂದು ಕಾರಣವೂ ಇದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ವಿಎ ಅಂತ ಬೇರೆ ಸರಣಿಯ ನಂಬರ್ ಪ್ಲೇಟ್, ಹತ್ತು ವರ್ಷದ ಅವಧಿ. ಅದನ್ನು ದಿನನಿತ್ಯ ಓಡಿಸುವಂತಿಲ್ಲ, ಹಾಗಾಗಿ ಎಲ್ಲರಿಗೂ ಬೇಕಾಗಿಲ್ಲ. ಆದರೆ 1974ರ ಪದ್ಮಿನಿಗಳಿಗೆ 2024ರಲ್ಲೇ 50 ತುಂಬಿತು, ವರ್ಷ ವರ್ಷ ಇನ್ನಷ್ಟು ಸೇರುತ್ತವೆ. ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಆ ಬಾಗಿಲು ಮುಚ್ಚಿತು. ಇವತ್ತು ರೂಫ್ ಕೊಯ್ದು ಓಪನ್ ಕಾರು ಮಾಡಿದರೆ ಕಾನೂನಿಗೂ ಸಿಗುತ್ತೀರಿ, ಬೆಲೆಯೂ ಬೀಳುತ್ತದೆ, ಭಾರ ಹೊರುವ ಬಾಡಿಯ ಬಲವೂ ಹೋಗುತ್ತದೆ.

ಹಾಗಾದರೆ ಏನು ಮಾಡಬಹುದು? ನಾನು ಮೊದಲು ಹೇಳುವುದು ಆಲ್ಟರ್ನೇಟರ್. ಬ್ಯಾಟರಿ ಚಾರ್ಜ್ ಮಾಡಲು ಹಳೆ ಗಾಡಿಗಳಲ್ಲಿ ಡೈನಮೋ ಇರುತ್ತದೆ, ಐಡಲ್‌ನಲ್ಲಿ ಅದು ಚಾರ್ಜ್ ಮಾಡುವುದೇ ಇಲ್ಲ. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮೇಣದ ಬತ್ತಿಯಷ್ಟಾಗುವುದು ಇದಕ್ಕೇ. ರೆಗ್ಯುಲೇಟರ್ ಒಳಗೇ ಇರುವ ಚಿಕ್ಕ ಆಲ್ಟರ್ನೇಟರನ್ನು ಒಂದು ಬ್ರಾಕೆಟ್ ಮಾಡಿಸಿ ಕೂರಿಸಬಹುದು, ಡೈನಮೋ ಎಣ್ಣೆ ಹಚ್ಚಿ ಎತ್ತಿಡಿ. ಪುಲ್ಲಿ ಫ್ಯಾನ್ ಬೆಲ್ಟಿನ ಸಾಲಿಗೆ ನೇರ ಇರಬೇಕು, ಇಲ್ಲದಿದ್ದರೆ ಬೆಲ್ಟ್ ತಿನ್ನುತ್ತದೆ. ಚಾರ್ಜಿಂಗ್ ವೈರ್ ದಪ್ಪದ್ದು ಹಾಕಿಸಿ, ಹಳೆ ವೈರಿಗೆ ಅಷ್ಟು ಕರೆಂಟ್ ತಡೆಯುವ ಶಕ್ತಿ ಇಲ್ಲ.

ಅದರ ಜೊತೆಗೇ ಹೆಡ್‌ಲೈಟ್ ರಿಲೇ, ಅಂದರೆ ಚಿಕ್ಕ ಕರೆಂಟಿನ ಸನ್ನೆಯಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್. 55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬು ಒಟ್ಟು 9 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತವೆ. ಆ ಕರೆಂಟೆಲ್ಲ ಸ್ಟೀರಿಂಗ್ ಹತ್ತಿರದ ಹಳೆ ಸ್ವಿಚ್ ಮೂಲಕ ಹೋದರೆ ಸ್ವಿಚ್ ಕರಗುತ್ತದೆ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ನೇರ ಬಲ್ಬು. ಹಳೆ ಸ್ವಿಚ್ ರಿಲೇಗೆ ಸನ್ನೆ ಮಾತ್ರ ಕೊಡಲಿ. ಹೊರಗಿನಿಂದ ಏನೂ ಕಾಣುವುದಿಲ್ಲ, ಬೆಳಕು ಮಾತ್ರ ಬೇರೆಯೇ.

ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರಿದ್ದಾರೆ, ಚೆನ್ನಾಗಿಯೇ ಓಡುತ್ತದೆ. ಹಳೆ ಪಾಯಿಂಟ್ ಮತ್ತು ಕಂಡೆನ್ಸರ್ ಗ್ಲೋವ್ ಬಾಕ್ಸಿನಲ್ಲಿರಲಿ, ಹಳ್ಳಿ ದಾರಿಯಲ್ಲಿ ಕೈಕೊಟ್ಟರೆ ಅದೇ ಗತಿ. ಸೀಟ್ ಬೆಲ್ಟ್ ಹಾಕಿಸುವುದಾದರೆ ಬೋಲ್ಟ್ ಬರುವ ಜಾಗದ ಹಿಂದೆ ಅಗಲದ ಉಕ್ಕಿನ ತಟ್ಟೆ ಕೊಡಿಸಿ, ಬರೀ ತೆಳು ತಗಡಿಗೆ ಬಿಗಿದ ಬೆಲ್ಟ್ ಅಪಘಾತದಲ್ಲಿ ಕಿತ್ತು ಬರುತ್ತದೆ.

ಅಲಾಯ್ ವೀಲ್ ಆಸೆ ಇದ್ದರೆ ಬೋಲ್ಟ್ ವೃತ್ತದ (ನಾಲ್ಕೂ ಬೋಲ್ಟಿನ ನಡುವನ್ನು ಸೇರಿಸುವ ವೃತ್ತ) ವ್ಯಾಸ ಮೊದಲು ಅಳೆಯಿರಿ. ಫಿಯೆಟ್ ಕುಲದ ಕಾರುಗಳಲ್ಲಿ ಅದು 98 ಮಿ.ಮೀ, ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ನಾಲ್ಕು ಬೋಲ್ಟಿನ ವೀಲ್ 100 ಮಿ.ಮೀ. ವ್ಯತ್ಯಾಸ ಎರಡೇ ಮಿ.ಮೀ, ಅಂಗಡಿಯವರು "ಕೂರುತ್ತೆ" ಅನ್ನುತ್ತಾರೆ, ಕೂರುವುದೂ ನಿಜ. ಆದರೆ ಬೋಲ್ಟ್ ಓರೆಯಾಗಿ ಕೂತು ದಿನ ಕಳೆದಂತೆ ಸಡಿಲವಾಗುತ್ತದೆ. ನನ್ನ ಮಾತು ಕೇಳಿದರೆ, ಮೂಲ 14 ಇಂಚಿನ ಉಕ್ಕಿನ ಚಕ್ರಕ್ಕೇ ಬಣ್ಣ ಹೊಡೆಸಿ ಕ್ರೋಮ್ ಕಪ್ ಹಾಕಿ, ಪದ್ಮಿನಿಗೆ ಅದಕ್ಕಿಂತ ಒಪ್ಪುವ ಚಕ್ರ ಇಲ್ಲ.

ಬಣ್ಣ

ಗಾಡಿ ನಿಲ್ಲುತ್ತದೆ, ತಣ್ಣಗಿರುತ್ತದೆ, ಓಡುತ್ತದೆ. ಒಂದೆರಡು ತಿಂಗಳು ಹಾಗೇ ಓಡಿಸಿ, ಸೋರುವುದು, ಅಲ್ಲಾಡುವುದು ಏನಾದರೂ ಇದ್ದರೆ ಹೊರಬರಲಿ. ಆಮೇಲೆ ಪೇಂಟ್.

ಮಳೆಗಾಲದಲ್ಲಿ ಮಾಡಿಸಬೇಡಿ. ತೇವ ಇರುವ ಗಾಳಿಯಲ್ಲಿ ಹೊಡೆದ ಬಣ್ಣ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ, ಪುಟ್ಟಿ ನೀರು ಕುಡಿದು ಆಮೇಲೆ ಗುಳ್ಳೆ ಬಿಡುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಗಾಜು, ರಬ್ಬರ್ ಬೀಡಿಂಗ್, ಬಂಪರ್, ಲೈಟ್ ಎಲ್ಲ ಬಿಚ್ಚಿಸಿ. ಪೇಪರ್ ಅಂಟಿಸಿ ಹೊಡೆದದ್ದು ಬೀಡಿಂಗ್ ಅಂಚಿನಲ್ಲಿ ಗೊತ್ತಾಗಿಬಿಡುತ್ತದೆ, ಅಲ್ಲಿಂದಲೇ ಏಳಲು ಶುರುವಾಗುತ್ತದೆ. ಗಾಜಿನ ಬೀಡಿಂಗ್ ಬಿಚ್ಚಿದಾಗ ಕೆಳಗಿನ ಚೌಕಟ್ಟು ನೋಡಿ, ತುಕ್ಕು ಅಡಗಿ ಕೂರುವ ಜಾಗ ಅದು. ಪ್ರೈಮರ್ ಹೊಡೆದ ಮೇಲೆ ಪೇಂಟರ್ ಅವಸರ ಮಾಡಿದರೂ ಪೂರ್ತಿ ಒಣಗಲು ಬಿಡಿ, ಆಮೇಲೆ ಬಿಸಿಲಿಗೆ ನಿಲ್ಲಿಸಿ ಓರೆಯಿಂದ ನೋಡಿ. ಉಬ್ಬು ತಗ್ಗು ಪ್ರೈಮರ್‌ನಲ್ಲಿ ಸರಿಪಡಿಸಿದರೆ ಸುಲಭ, ಬಣ್ಣ ಬಂದ ಮೇಲೆ ಎಲ್ಲ ಮತ್ತೆ ಕೆರೆಯಬೇಕು. ಮೂಲ ಬಣ್ಣ ಯಾವುದಿತ್ತು ಅಂತ ತಿಳಿಯಬೇಕಾದರೆ ಡ್ಯಾಶ್‌ಬೋರ್ಡ್ ಹಿಂದೆ ಅಥವಾ ಡಿಕ್ಕಿ ಮುಚ್ಚಳದ ಒಳಗೆ ಟಾರ್ಚ್ ಹಾಕಿ. ಎಷ್ಟು ಸಲ ಬಣ್ಣ ಬದಲಾದರೂ ಅಲ್ಲಿ ಒಂದು ಚೂರು ಹಳೆಯದು ಉಳಿದಿರುತ್ತದೆ. ಆರ್‌ಸಿಯಲ್ಲಿರುವ ಬಣ್ಣವೂ ಅದೇ ಆಗಿದ್ದರೆ ಆರ್‌ಟಿಒ ಓಡಾಟವೂ ತಪ್ಪುತ್ತದೆ.